ಸೂಜಿಗೆ ನಡೆಯೋ ಕಾರ್ಡು ಗುಳಿಗೆಗೂ ನಡೀಲಿ

"ಕಾರ್ಡ್ ಐತಲ್ಲ, ಮತ್ಯಾಕ ಚಿಂತಿ ಮಾಡ್ತೀರಿ?"

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ನೋಡೋಕೆ ಬಂದವರೆಲ್ಲ ಹೇಳುವ ಸಮಾಧಾನದ ಮಾತು ಇದು. ಗದಗ-ಬೆಟಗೇರಿಯ ಓಣಿಗಳಲ್ಲೂ ಇದೇ ಮಾತು, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲೂ ಇದೇ ಮಾತು. ಸುಳ್ಳೇನಲ್ಲ. ಆಪರೇಷನ್ನಿಗೆ ಕಾರ್ಡ್ ನಡೆಯುತ್ತದೆ, ಕಿಮೋ ಸಲಾಯಿನ್ನಿಗೆ ನಡೆಯುತ್ತದೆ, ಕರೆಂಟ್ ಕೊಡೋದಕ್ಕೂ ನಡೆಯುತ್ತದೆ. ಆದರೆ ಆಸ್ಪತ್ರೆಯ ಮಂಚದಿಂದ ಎದ್ದು ಮನೆಗೆ ಬಂದ ಮೇಲೆ ದಿನಾ ಒಂದು ಗುಳಿಗೆ ನುಂಗಬೇಕಲ್ಲ, ಐದು ವರ್ಷ, ಕೆಲವರಿಗೆ ಹತ್ತು ವರ್ಷ, ಆ ಗುಳಿಗೆಗೆ ಯಾರು ಕೊಡ್ತಾರೆ? ಈ ಪ್ರಶ್ನೆಯನ್ನು ಸಮಾಧಾನ ಹೇಳಲು ಬಂದವರು ಕೇಳೋದಿಲ್ಲ. ಮನೆಯ ಹೆಣ್ಣುಮಗಳೂ ಕೇಳೋದಿಲ್ಲ. ಯಾಕಂದ್ರೆ ಅಷ್ಟೊತ್ತಿಗೆ ಅವಳು ಗುಣವಾಗಿರುತ್ತಾಳೆ. ಕೂದಲು ಮತ್ತೆ ಬಂದಿರುತ್ತದೆ, ಒಲೆ ಮುಂದೆ ನಿಂತಿರುತ್ತಾಳೆ.

ನಮ್ಮ ಪರಿಚಯದ ಒಬ್ಬ ಕಾಕುದು ಹೀಗೇ ಆಯಿತು. ಬೆಟಗೇರಿಯವರು, ಮನೆಯಲ್ಲಿ ಮಗ್ಗ. ಎದೆಯಲ್ಲಿನ ಗಡ್ಡೆ ತೆಗೆಸಿಕೊಂಡರು, ಕಿಮೋ ಮುಗಿಸಿದರು, ಎಲ್ಲವೂ ಕಾರ್ಡಿನ ಮೇಲೆ. ಕೊನೆಗೆ ಡಾಕ್ಟರು ಟಾಮಾಕ್ಸಿಫೆನ್ ಬರೆದುಕೊಟ್ಟು "ಐದು ವರ್ಷ ಬಿಡಬ್ಯಾಡ್ರಿ ಅಮ್ಮ" ಅಂದರು. ಕಾಕು ಎಂಟು ತಿಂಗಳಿಗೆ ಬಿಟ್ಟರು. ಯಾಕ್ ಕಾಕು ಅಂದ್ರೆ, "ಮಗಾ ಒಂದ್ ದಿನಾ ಮಗ್ಗ ಬಿಟ್ಟು ನನ್ ಸಂಗಾಟ ಹುಬ್ಬಳ್ಳಿಗೆ ಬರಬೇಕವ್ವ. ಒಂದ್ ಗುಳಗಿ ಸಲುವಾಗಿ ಅಷ್ಟ್ಯಾಕ? ಈಗ ಆರಾಮ ಅದೀನಲ್ಲ" ಅಂದರು.

ನೋಡಿ, ಟಾಮಾಕ್ಸಿಫೆನ್ ದುಬಾರಿ ಔಷಧವೇ ಅಲ್ಲ. ಒಂದು ಗುಳಿಗೆಗೆ ಕೆಲವೇ ರೂಪಾಯಿ. ದುಬಾರಿಯಾಗಿದ್ದು ಆ ಗುಳಿಗೆಯ ತನಕ ಹೋಗುವ ದಾರಿ. 2023ರ ಜೂನ್‌ನಿಂದ ನಮಗೆ ಬಸ್ಸು ಪುಕ್ಕಟೆ, ಸರಿ. ಜೊತೆಗೆ ಬರುವ ಮಗನ ಟಿಕೆಟ್ಟು, ಅವನ ದಿನದ ಕೂಲಿ, ಅಲ್ಲಿನ ಊಟ, ಚಹಾ, ಆಟೋ ಇವೆಲ್ಲ ಪುಕ್ಕಟೆ ಅಲ್ಲ. ಮುಂಡರಗಿಯವರು ಮೊದಲು ಗದಗಿಗೆ ಬಂದು, ಆಮೇಲೆ ಅಣ್ಣಿಗೇರಿ ದಾಟಿ ಹುಬ್ಬಳ್ಳಿ ಮುಟ್ಟಬೇಕು. ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತು ಚೀಟಿ ಬರೆಸಿಕೊಂಡು ವಾಪಸ್ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ತಿಂಗಳಿಗೊಮ್ಮೆ ಅಂದರೆ ಐದು ವರ್ಷಕ್ಕೆ 60 ಸಲ. ಮನೆಯ ಖರ್ಚಿನಲ್ಲಿ ಹೆಣ್ಣುಮಕ್ಕಳು ಎಲ್ಲಕ್ಕಿಂತ ಮೊದಲು ಕತ್ತರಿ ಹಾಕುವುದು ತಮ್ಮ ಖರ್ಚಿಗೆ ಅನ್ನೋದು ನಮಗೆಲ್ಲ ಗೊತ್ತಿದ್ದದ್ದೇ.

ಬಿಟ್ಟರೆ ಏನಾಗುತ್ತದೆ? ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್‌ನಲ್ಲಿ ಐದು ವರ್ಷ ಟಾಮಾಕ್ಸಿಫೆನ್ ತೆಗೆದುಕೊಂಡವರಲ್ಲಿ ಮುಂದಿನ 15 ವರ್ಷಗಳಲ್ಲಿ ಆ ಕ್ಯಾನ್ಸರ್‌ನಿಂದ ಆಗುವ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಜಗತ್ತಿನ ಹಲವು ದೇಶಗಳ ಸಾವಿರಾರು ಹೆಂಗಸರ ಲೆಕ್ಕ ಹಿಡಿದು ಕಂಡುಕೊಂಡ ಮಾತಿದು. ಅಂದರೆ ಆಪರೇಷನ್, ಕಿಮೋ ಎಲ್ಲ ಸೇರಿ ಸರಕಾರ ಲಕ್ಷಗಟ್ಟಲೆ ಸುರಿದ ಮೇಲೆ, ಕೆಲವು ರೂಪಾಯಿಯ ಗುಳಿಗೆ ಕೈಗೆ ಸಿಗದ್ದಕ್ಕೆ ಅದಿಷ್ಟೂ ನೀರಿನಲ್ಲಿ ಹೋಮ ಆಗುವ ಸಂಭವ ಇದೆ.

ಹದಿನಾರನೇ ದಿನ

ನಮ್ಮ ಕಾರ್ಡಿನ ಕಥೆ ಸ್ವಲ್ಪ ತಿಳಿದುಕೊಳ್ಳೋಣ. ಸಹಕಾರ ಸಂಘ ಅನ್ನುವುದು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲೇ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲಿ ಹುಟ್ಟಿದ್ದು. ಅದೇ ಸಹಕಾರಿಗಳಿಗಾಗಿ 2003ರಲ್ಲಿ ಬಂದದ್ದು ಯಶಸ್ವಿನಿ. ಒಳ್ಳೆಯದೇ, ಆದರೆ ಅದು ಮೊದಲಿಂದಲೂ ಆಪರೇಷನ್ನಿನ ಯೋಜನೆ. ಕೊಯ್ದರೆ ದುಡ್ಡು, ನುಂಗಿದರೆ ಇಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಹೃದಯ, ಕಿಡ್ನಿ, ನರ, ಸುಟ್ಟಗಾಯಗಳ ಜೊತೆ ಕ್ಯಾನ್ಸರ್ ಕೂಡ ಸೇರಿತು. ಅದು ಮೊದಲು ಶುರುವಾದದ್ದು ನಮ್ಮ ಉತ್ತರ ಕರ್ನಾಟಕದಲ್ಲಿ ಅನ್ನುವುದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಯೋಜನೆ ಬಂದ ಕಡೆ ಮತ್ತು ಇನ್ನೂ ಬಾರದ ಕಡೆ, ಗಡಿಯ ಎರಡೂ ಬದಿಯ 572 ಹಳ್ಳಿಗಳನ್ನು ಹೋಲಿಸಿ ಮಾಡಿದ ಒಂದು ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಡುವ ಕಾಯಿಲೆಗಳಿಂದ ಸತ್ತವರ ಪ್ರಮಾಣ ಬಿಪಿಎಲ್ ಮನೆಗಳಲ್ಲಿ ಯೋಜನೆ ಇದ್ದ ಕಡೆ ಶೇಕಡಾ 0.32, ಇಲ್ಲದ ಕಡೆ 0.90. ಹಾಗಾಗಿ ಕಾರ್ಡಿನಿಂದ ಏನೂ ಆಗಲ್ಲ ಅನ್ನುವವರ ಮಾತು ನಾನು ಒಪ್ಪೋದಿಲ್ಲ. ಕಾರ್ಡು ಜೀವ ಉಳಿಸಿದೆ. ನನ್ನ ತಕರಾರು ಅದು ಎಲ್ಲಿಗೆ ನಿಂತುಬಿಡುತ್ತದೆ ಅನ್ನೋದರ ಬಗ್ಗೆ.

2018ರಲ್ಲಿ ಆರೋಗ್ಯ ಕರ್ನಾಟಕ ಬಂದು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಕೂಡಿಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ನಮ್ಮಂಥ ಪೇಟೆಯ ಮಧ್ಯಮ ವರ್ಗದವರಲ್ಲಿ ಎಷ್ಟೋ ಮಂದಿಗೆ ಈ ಎರಡನೆಯದೇ ಗತಿ. ಆದರೆ ಯೋಜನೆಯ ಬುನಾದಿ ಎರಡಕ್ಕೂ ಒಂದೇ: ಆಸ್ಪತ್ರೆಗೆ ದಾಖಲಾಗಬೇಕು, ಇಲ್ಲವೇ ಡೇ ಕೇರ್‌ನಲ್ಲಿ ಮಂಚದ ಮೇಲೆ ಮಲಗಬೇಕು. ಆಯುಷ್ಮಾನ್ ನಿಯಮದಲ್ಲಿ ದಾಖಲಾಗುವ ಮುಂಚಿನ 3 ದಿನ ಮತ್ತು ಮನೆಗೆ ಕಳಿಸಿದ ನಂತರದ 15 ದಿನದ ಔಷಧ ಪ್ಯಾಕೇಜಿನೊಳಗೆ ಬರುತ್ತದೆ. ಸರಿ, 16ನೇ ದಿನ? ಹೊರರೋಗಿಯಾಗಿ ಬಂದು ಚೀಟಿ ಬರೆಸಿಕೊಂಡವಳು ಯೋಜನೆಯ ಕಣ್ಣಿಗೆ ಕಾಣೋದೇ ಇಲ್ಲ.

ಇಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಾಗಬೇಕು. ಆಯುಷ್ಮಾನ್ ಭಾರತದ ರಾಷ್ಟ್ರೀಯ ಪ್ಯಾಕೇಜ್ ಪಟ್ಟಿಯಲ್ಲಿ ಬಾಯಿಂದ ನುಂಗುವ ಕೆಲವು ಕ್ಯಾನ್ಸರ್ ಗುಳಿಗೆಗಳೂ ಇವೆ. ಸ್ತನ ಕ್ಯಾನ್ಸರ್‌ನ ಟಾಮಾಕ್ಸಿಫೆನ್, ಲೆಟ್ರೋಜೋಲ್, ರಕ್ತ ಕ್ಯಾನ್ಸರ್‌ನ ಇಮಾಟಿನಿಬ್, ಕೆಪೆಸಿಟಾಬಿನ್ ಇಂಥವು. ಹಾಗಾದರೆ ತೊಂದರೆ ಏನು? ಪಟ್ಟಿಯಲ್ಲಿದ್ದರೂ ಅದನ್ನು ಆಸ್ಪತ್ರೆ ತಾನಾಗಿ ಬುಕ್ ಮಾಡಬೇಕು, ಒಪ್ಪಿಗೆ ತರಿಸಬೇಕು, ರೋಗಿ ಅಲ್ಲಿಗೇ ಹೋಗಬೇಕು. ದೊಡ್ಡ ಆಪರೇಷನ್ನಿಗೆ ಇಷ್ಟು ಕಾಗದಪತ್ರ ಮಾಡುವ ಉತ್ಸಾಹ ಕೆಲವು ನೂರು ರೂಪಾಯಿಯ ಗುಳಿಗೆಗೆ ಯಾರಿಗಿರುತ್ತದೆ? "ಹೊರಗ ಅಂಗಡ್ಯಾಗ ತಗೋರಿ" ಅಂತ ಚೀಟಿ ಕೊಟ್ಟು ಕಳಿಸಿದರೆ ಸುಲಭ. ಹೆಣ್ಣುಮಗಳೂ ಸುಮ್ಮನೆ ಚೀಟಿ ಹಿಡಿದು ಬರುತ್ತಾಳೆ. ತನಗೊಂದು ಹಕ್ಕು ಇತ್ತು ಅನ್ನೋದೇ ಅವಳಿಗೆ ಗೊತ್ತಿರೋದಿಲ್ಲ.

ಅಮೆರಿಕದಲ್ಲೂ ಇದೇ ಜಗಳ

ಇದು ನಮ್ಮ ಸರಕಾರವೊಂದರ ಮರೆವು ಅಂತ ತಿಳೀಬೇಡಿ. ಅಮೆರಿಕದಂಥ ಅಮೆರಿಕದಲ್ಲೂ ಹಿರಿಯರಿಗಾಗಿ 1965ರಲ್ಲಿ ಬಂದ ಮೆಡಿಕೇರ್ ಅನ್ನುವ ಸರಕಾರಿ ವಿಮೆ, ಡಾಕ್ಟರು ತಮ್ಮ ಕೋಣೆಯಲ್ಲಿ ಚುಚ್ಚುವ ಕ್ಯಾನ್ಸರ್ ಸೂಜಿಗೆ ದುಡ್ಡು ಕೊಡುತ್ತಿತ್ತು, ಅದೇ ಡಾಕ್ಟರು ಕೊಡುವ ಗುಳಿಗೆಗೆ ಕೊಡುತ್ತಿರಲಿಲ್ಲ. 1993ರಲ್ಲಿ ಕಾನೂನು ಮಾಡಿ, ಯಾವ ಔಷಧ ಸೂಜಿಯ ರೂಪದಲ್ಲೂ ಇದೆಯೋ ಅದರ ಗುಳಿಗೆಗೆ ಮಾತ್ರ ಕೊಡುತ್ತೇವೆ ಅಂದರು. ಸೂಜಿಯೇ ಇಲ್ಲದ, ಬರೀ ಗುಳಿಗೆಯಾಗಿ ಬರುವ ಔಷಧಕ್ಕೆ? 2006ರಲ್ಲಿ ಮೆಡಿಕೇರ್‌ನಲ್ಲಿ ಬೇರೊಂದು ಔಷಧ ವಿಮೆ ಶುರುವಾಗುವ ತನಕ ಕಾಯಬೇಕಾಯಿತು. ಅದರಲ್ಲೂ ರೋಗಿಯ ಕೈಯಿಂದ ಸಾವಿರಾರು ಡಾಲರ್ ಹೋಗುತ್ತಿತ್ತು. ವರ್ಷಕ್ಕೆ 2,000 ಡಾಲರ್‌ಗಿಂತ ಹೆಚ್ಚು ರೋಗಿ ಕೊಡಬೇಕಿಲ್ಲ ಎಂಬ ಮಿತಿ ಬಂದದ್ದು 2025ರಲ್ಲಿ. ಅಂದರೆ ಸೂಜಿಯಿಂದ ಗುಳಿಗೆಗೆ ಬರಲು ಅವರಿಗೆ ಹಿಡಿದದ್ದು 60 ವರ್ಷ. ನಾವೂ ಅಷ್ಟು ವರ್ಷ ಕಾಯಬೇಕಾ?

ಕಾಯುವಂತಿಲ್ಲ, ಯಾಕಂದ್ರೆ ಕ್ಯಾನ್ಸರ್ ಔಷಧ ಈಗ ಗುಳಿಗೆಯ ಕಡೆಗೇ ಹೊರಳುತ್ತಿದೆ. ಹಿಂದೆ ರಕ್ತದ ಒಂದು ಬಗೆಯ ಕ್ಯಾನ್ಸರ್ ಅಂದರೆ ಮುಗೀತು ಅನ್ನುತ್ತಿದ್ದರು. ಇಮಾಟಿನಿಬ್ ಬಂದ ಮೇಲೆ ದಿನಾ ಗುಳಿಗೆ ನುಂಗಿ ವರ್ಷಾನುಗಟ್ಟಲೆ ಸಂಸಾರ ಮಾಡುವವರಿದ್ದಾರೆ. ಅದರ ಮೂಲ ಕಂಪನಿ ಬ್ರ್ಯಾಂಡ್ ಗ್ಲಿವೆಕ್ ತಿಂಗಳಿಗೆ ಲಕ್ಷ ರೂಪಾಯಿ ಮೀರುತ್ತಿತ್ತು, ನಮ್ಮ ದೇಶದ ಕಂಪನಿಗಳು ಮಾಡಿದ್ದು ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಗೆ ಸಿಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಗ್ಲಿವೆಕ್‌ಗೆ ಪೇಟೆಂಟ್ ಕೊಡಲ್ಲ ಅಂದಿದ್ದು ನಿಮಗೂ ನೆನಪಿರಬಹುದು. ಸ್ತನ ಕ್ಯಾನ್ಸರ್‌ನ ಪಾಲ್ಬೊಸಿಕ್ಲಿಬ್ ಪೇಟೆಂಟ್ 2023ರ ಜನವರಿಯಲ್ಲಿ ಮುಗಿಯಿತು, ಆಮೇಲೆ ಬೆಲೆ ಬಹಳ ಇಳಿಯಿತು. ಇಳಿದರೂ ತಿಂಗಳ ತಿಂಗಳ ಸಾವಿರಗಳ ಲೆಕ್ಕದಲ್ಲೇ ಬೀಳುವ ಔಷಧ ಅದು. ಗೃಹಲಕ್ಷ್ಮಿಯ 2,000 ರೂಪಾಯಿ ಎಲ್ಲಿಗೆ ಸಾಕಾಗುತ್ತದೆ ಹೇಳಿ.

ಡಾಕ್ಟರ ಕೈಯಿಂದಲೇ

ಗುಳಿಗೆಯನ್ನು ಯಾರು ಕೊಡಬೇಕು? ನನ್ನ ಮಟ್ಟಿಗೆ ಉತ್ತರ ಸರಳ: ಹತ್ತಿರದ ಸರಕಾರಿ ದವಾಖಾನೆಯ ಡಾಕ್ಟರು, ಕಾರ್ಡಿನ ಮೇಲೆ, ಕೈಗೇ ಕೊಡಬೇಕು.

ಡಾಕ್ಟರೇ ಔಷಧ ಕೊಡೋದು ನಮ್ಮ ಕಡೆ ಹೊಸದೇನಲ್ಲ. ನಮ್ಮ ಅವ್ವ ಹೇಳುತ್ತಿದ್ದಳು, ಅವಳ ಕಾಲದಲ್ಲಿ ಮೆಡಿಕಲ್ ಶಾಪ್‌ಗೆ ಹೋಗುವ ಮಾತೇ ಇರಲಿಲ್ಲವಂತೆ. ಮನೆಯಿಂದ ಬಾಟಲಿ ತೊಳೆದುಕೊಂಡು ಹೋಗೋದು, ಕಂಪೌಂಡರ್ ಕೆಂಪು ಔಷಧ ತುಂಬಿ, ಕಾಗದ ಕತ್ತರಿಸಿ ಅಂಟಿಸಿ ಗುರುತು ಮಾಡಿಕೊಡೋದು, ಪುಡಿಯ ಪೊಟ್ಟಣ ಮೂರು ಹೊತ್ತಿಗೆ ಮೂರು. ಈಗಲೂ ಕಾನೂನಿನಲ್ಲಿ ಅದಕ್ಕೆ ಜಾಗ ಇದೆ. 1945ರ ಔಷಧ ನಿಯಮಗಳ ಪ್ರಕಾರ ನೋಂದಾಯಿತ ವೈದ್ಯರು ತಮ್ಮದೇ ರೋಗಿಗೆ ತಾವೇ ಔಷಧ ಕೊಡಬಹುದು, ಅಂಗಡಿ ತೆರೆದು ಕಂಡಕಂಡವರಿಗೆ ಮಾರುವಂತಿಲ್ಲ, ಅಷ್ಟೆ. ದುಬಾರಿ ಗ್ಲಿವೆಕ್‌ನ ಕಾಲದಲ್ಲೂ 2002ರಿಂದ ಆ ಕಂಪನಿಯ ನೆರವು ಯೋಜನೆಯಲ್ಲಿ ಸಾವಿರಾರು ಬಡ ರೋಗಿಗಳಿಗೆ ಔಷಧ ಪುಕ್ಕಟೆ ಸಿಕ್ಕಿದ್ದು ಅಂಗಡಿಯ ಮೂಲಕ ಅಲ್ಲ, ಡಾಕ್ಟರ ಮೂಲಕ.

ಸರಕಾರಿ ವಿಮೆಯಲ್ಲೂ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ರೈಲ್ವೆ ಆಸ್ಪತ್ರೆಗೆ ಹೋಗುವ ರೈಲ್ವೆ ನೌಕರರ ಮನೆಯವರನ್ನು ಕೇಳಿ, ಡಾಕ್ಟರು ಬರೆದದ್ದನ್ನು ಅಲ್ಲೇ ಕಿಟಕಿಯಲ್ಲಿ ಕೊಡುತ್ತಾರೆ. ಕಾರ್ಖಾನೆ ಕಾರ್ಮಿಕರಿಗಿರುವ ಇಎಸ್‌ಐ ಕೂಡ ಹಾಗೇ, ಮಲಗಿದವರಿಗೆ ಮಾತ್ರವಲ್ಲ, ನಡೆದುಕೊಂಡು ಬಂದವರಿಗೂ ಔಷಧ ಉಂಟು. ಮನೆಯವರ ನೌಕರಿ ರೈಲ್ವೆಯಲ್ಲಿದ್ದರೆ ಗುಳಿಗೆ ಕೈಗೆ, ಮಗ್ಗದಲ್ಲಿದ್ದರೆ ಚೀಟಿ ಕೈಗೆ. ಕಾಯಿಲೆ ಮಾತ್ರ ಒಂದೇ.

ಇನ್ನೂ ಒಂದು ಮಾತು. ಟಿಬಿ ಬಂದರೆ ಏನು ಮಾಡುತ್ತೇವೆ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯ ಕೈಯಿಂದ ಗುಳಿಗೆ ಪುಕ್ಕಟೆ. ಊಟಕ್ಕೆ ಅಂತ 2018ರಿಂದ ತಿಂಗಳಿಗೆ 500, 2024ರ ನವೆಂಬರ್‌ನಿಂದ 1,000 ರೂಪಾಯಿ ಖಾತೆಗೆ ಬೇರೆ. ಎಚ್‌ಐವಿ ಗುಳಿಗೆ ಒಂದು ಕಾಲಕ್ಕೆ ಶ್ರೀಮಂತರಿಗೂ ಎಟುಕುತ್ತಿರಲಿಲ್ಲ. 2004ರ ಏಪ್ರಿಲ್‌ನಿಂದ ಸರಕಾರ ಉಚಿತವಾಗಿ ಕೊಡಲು ಶುರು ಮಾಡಿತು, ಇವತ್ತು ಎಆರ್‌ಟಿ ಕೇಂದ್ರಗಳಲ್ಲಿ ಸಿಗುತ್ತದೆ. ಜೀವನಪೂರ್ತಿ ನುಂಗುವ ಗುಳಿಗೆಯನ್ನು ಊರ ಹತ್ತಿರ ಮುಟ್ಟಿಸುವ ವಿದ್ಯೆ ನಮ್ಮ ಆರೋಗ್ಯ ಇಲಾಖೆಗೆ ಗೊತ್ತಿಲ್ಲ ಅನ್ನೋದಕ್ಕೆ ಬರೋದೇ ಇಲ್ಲ.

ಮೊನ್ನೆ ಮೊನ್ನೆ ಗೃಹ ಆರೋಗ್ಯ ಯೋಜನೆ ಬಂದಿದೆ. 2024ರಲ್ಲಿ ಕೋಲಾರದಲ್ಲಿ ಶುರುವಾಗಿ 2025ರಲ್ಲಿ ರಾಜ್ಯದ ಉಳಿದ ಕಡೆಗೂ ವಿಸ್ತರಿಸಿತು. ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಲಕ್ಷಣ ನೋಡುತ್ತಾರೆ. ಬಿಪಿ, ಶುಗರ್ ಇದ್ದರೆ ಗುಳಿಗೆಯನ್ನೂ ಕೊಡುತ್ತಾರೆ. ಕ್ಯಾನ್ಸರ್ ಕಂಡರೆ ದೊಡ್ಡಾಸ್ಪತ್ರೆಗೆ ಹೋಗಿ ಅನ್ನುತ್ತಾರೆ, ಅದು ಸರಿಯೇ. ಆದರೆ ದೊಡ್ಡಾಸ್ಪತ್ರೆಯ ಕೆಲಸ ಮುಗಿಸಿ ಬಂದವಳಿಗೆ ಅದೇ ಬುಟ್ಟಿಯಲ್ಲಿ ಟಾಮಾಕ್ಸಿಫೆನ್ ಪಟ್ಟಿಯೊಂದನ್ನು ಇಟ್ಟುಕೊಂಡು ಬರಬಾರದೇ? ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. 2025ರ ಮೇ ತಿಂಗಳಲ್ಲಿ ರಾಜ್ಯ ಸರಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ ಕೇಂದ್ರ ತೆರೆಯಿತು. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಮೂರು ವರ್ಷದಲ್ಲಿ ತೆರೆಯುವುದಾಗಿ ಕೇಂದ್ರ ಬಜೆಟ್ಟಿನಲ್ಲೂ ಅದೇ ವರ್ಷ ಹೇಳಿದರು. ಸೂಜಿ ಜಿಲ್ಲೆಗೆ ಬರುತ್ತಿದೆ ಅಂದಮೇಲೆ ಗುಳಿಗೆ ತಾಲ್ಲೂಕಿಗೆ ಬರಲಿ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸರಕಾರಿ ದವಾಖಾನೆಗಳಲ್ಲಿ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯವರೋ ಬೆಂಗಳೂರಿನ ಕಿದ್ವಾಯಿಯವರೋ ಬರೆದ ಚೀಟಿ ತೋರಿಸಿದರೆ ಮೂರು ತಿಂಗಳದ್ದು ಒಮ್ಮೆಗೇ ಸಿಗಲಿ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಹುಬ್ಬಳ್ಳಿಗೆ ಹೋಗೋಣ, ಅದಕ್ಕೆ ಯಾರೂ ಬೇಡ ಅನ್ನಲ್ಲ.

ಆದರೆ ಪ್ರೈವೇಟ್ ಡಾಕ್ಟರೂ ತಮ್ಮ ಕಪಾಟಿನಿಂದ ಕೊಟ್ಟು ಕಾರ್ಡಿಗೆ ಬಿಲ್ ಹಾಕಲಿ ಅಂದರೆ ನಾನು ಸ್ವಲ್ಪ ತಡೆದು ಮಾತಾಡುತ್ತೇನೆ. ಬರೆಯುವವನೂ ಅವನೇ, ಮಾರುವವನೂ ಅವನೇ ಆದರೆ ಯಾವ ದೇವರಂಥ ಮನುಷ್ಯನ ಮನಸ್ಸೂ ಒಮ್ಮೆ ಹೊಯ್ದಾಡುತ್ತದೆ. ಅಮೆರಿಕದ ಮೆಡಿಕೇರ್ 2005ರಿಂದ ಡಾಕ್ಟರು ಕೊಡುವ ಔಷಧಕ್ಕೆ ಸರಾಸರಿ ಮಾರಾಟ ಬೆಲೆಯ ಮೇಲೆ ಶೇಕಡಾ 6 ಸೇರಿಸಿ ಕೊಡುತ್ತದೆ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ 100 ರೂಪಾಯಿಯ ಔಷಧಕ್ಕೆ ಡಾಕ್ಟರಿಗೆ 6, ಹತ್ತು ಸಾವಿರದ್ದಕ್ಕೆ 600. ಯಾವುದನ್ನು ಬರೆಯುವ ಆಸೆ ಆಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಂತೂ 2018ರಲ್ಲಿ ಔಷಧ ಬೆಲೆ ಪ್ರಾಧಿಕಾರವು ದೆಹಲಿ ಸುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ತೆಗೆದು ನೋಡಿದಾಗ ಔಷಧ ಮತ್ತು ಸಾಮಗ್ರಿಗಳ ಮೇಲೆ ಶೇಕಡಾ 1,700ರ ತನಕ ಲಾಭ ಇಟ್ಟದ್ದು ಹೊರಬಿತ್ತು. 2019ರ ಫೆಬ್ರವರಿಯಲ್ಲಿ ಅದೇ ಪ್ರಾಧಿಕಾರ 42 ಕ್ಯಾನ್ಸರ್ ಔಷಧಗಳ ಮಾರಾಟ ಲಾಭಕ್ಕೆ ಶೇಕಡಾ 30ರ ಮಿತಿ ಹಾಕಿತು. 390 ಬ್ರ್ಯಾಂಡ್‌ಗಳ ಬೆಲೆ ಇಳಿಯಿತು, ಕೆಲವು ಶೇಕಡಾ 87ರ ತನಕ. ಒಂದೇ ಕಾಗದಕ್ಕೆ ನೂರರಲ್ಲಿ 87 ರೂಪಾಯಿ ಇಳಿಯುತ್ತದೆ ಅಂದರೆ ಅಲ್ಲಿಯವರೆಗೆ ಆ ರೊಕ್ಕ ಎಲ್ಲಿ ಹೋಗುತ್ತಿತ್ತು ಅಂತ ನಮ್ಮ ಓಣಿಯ ಅಜ್ಜಿಯೂ ಹೇಳುತ್ತಾಳೆ.

ಆದ್ದರಿಂದ ಪ್ರೈವೇಟ್ ಆಸ್ಪತ್ರೆ ಕೊಡಲಿ, ಆದರೆ ಸರಕಾರ ನಿಗದಿ ಮಾಡಿದ ದರಕ್ಕೆ, ಜೆನೆರಿಕ್ ಹೆಸರಿನಲ್ಲಿ, ಕೈಚಾರ್ಜು ಬೇರೆ ಇಷ್ಟು ಅಂತ ಗೊತ್ತು ಮಾಡಿ. ಔಷಧದ ಬೆಲೆ ಏರಿದಂತೆ ಕೊಡುವವರ ಪಾಲು ಏರಬಾರದು. ಇದು ಆಗದ ಮಾತಲ್ಲ. ನಮ್ಮ ಪಕ್ಕದ ಕೇರಳದಲ್ಲಿ 2024ರ ಆಗಸ್ಟ್‌ನಿಂದ 14 ಜಿಲ್ಲೆಗಳಲ್ಲೂ ಒಂದೊಂದು ಕೌಂಟರ್ ತೆರೆದು ಕ್ಯಾನ್ಸರ್ ಔಷಧಗಳನ್ನು ಸರಕಾರಿ ಕಾರುಣ್ಯ ಅಂಗಡಿಗಳಲ್ಲಿ ಒಂದು ಪೈಸೆ ಲಾಭವಿಲ್ಲದೆ ಮಾರುತ್ತಿದ್ದಾರೆ. ಕಾಸರಗೋಡಿನ ನಮ್ಮ ಕನ್ನಡದ ಅಕ್ಕತಂಗಿಯರಿಗೆ ಸಿಗುವ ಈ ಅನುಕೂಲ ಗದಗಿನವರಿಗೆ ಸಿಗಬಾರದೆಂದು ಯಾವ ಶಾಸ್ತ್ರದಲ್ಲಿದೆ?

ಯೋಜನೆಗೆ ಖರ್ಚು ಎಲ್ಲಿಂದ ತರೋದು ಅನ್ನುವವರಿಗೆ ಒಂದೇ ಮಾತು. ಕ್ಯಾನ್ಸರ್ ಮರಳಿ ಬಂದರೆ ಅದೇ ಕಾರ್ಡಿನ ಮೇಲೆ ಅದೇ 5 ಲಕ್ಷ ಖರ್ಚಾಗುತ್ತದೆ. ಮನೆ ನಡೆಸುವ ನಮಗೆ ಈ ಲೆಕ್ಕ ಗೊತ್ತಿದೆ, ಹಂಚು ಒಡೆದಾಗಲೇ ಬದಲಿಸಿದರೆ ಜಂತಿ ಉಳಿಯುತ್ತದೆ.

ನಿಮ್ಮ ಪಾಲಿಸಿ ತೆಗೆದು ನೋಡಿ

ಕಾರ್ಡ್ ಬಿಟ್ಟು, ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಿ ಆರೋಗ್ಯ ಪಾಲಿಸಿ ಮಾಡಿಸಿದ ಮನೆಗಳೂ ಈಗ ಬಹಳ. ಅಂಥವರಿಗೆ ಒಳ್ಳೆ ಸುದ್ದಿ ಇದೆ, ಏಜೆಂಟರು ಹೇಳಿರೋದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ನಿಯಮದಲ್ಲಿ ಆಧುನಿಕ ಚಿಕಿತ್ಸೆಗಳ ಒಂದು ಪಟ್ಟಿ ಇದೆ, ಅವನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ. ಆ ಪಟ್ಟಿಯಲ್ಲಿ ಬಾಯಿಂದ ನುಂಗುವ ಕಿಮೋ ಔಷಧವೂ ಇದೆ. ಹಳೆಯ ಪಾಲಿಸಿಗಳಿಗೂ 2020ರ ಅಕ್ಟೋಬರ್‌ನಿಂದ ಇದು ಅನ್ವಯ. ಮಿತಿ ಹಾಕಬಹುದು, ಉದಾಹರಣೆಗೆ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಒಟ್ಟು ಮೊತ್ತದ ಅರ್ಧದ ತನಕ. ಆದರೂ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಪಾಲಿಸಿ ಟ್ರಂಕಿನಲ್ಲಿ ಮಡಚಿ ಇಟ್ಟಿದ್ದರೆ ಇವತ್ತೇ ಮಧ್ಯಾಹ್ನ ತೆಗೆದು "ಆಧುನಿಕ ಚಿಕಿತ್ಸೆ" ಅನ್ನುವ ಪುಟ ಓದಿ. ದುಡ್ಡಿದ್ದವರಿಗೆ ಗುಳಿಗೆ ಬಿಡುವಂತಿಲ್ಲ ಅಂತ ನಿಯಮ ಮಾಡಿದವರು ಬಡವರ ಕಾರ್ಡಿಗೆ ಅದನ್ನೇ ಗಟ್ಟಿಯಾಗಿ ಯಾಕೆ ಹೇಳಲಿಲ್ಲವೋ!

ಕೈಯಿಂದ ಕೊಳ್ಳಲೇಬೇಕಾದವರು ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧದ ಹೆಸರು ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ. ಟಾಮಾಕ್ಸಿಫೆನ್, ಲೆಟ್ರೋಜೋಲ್‌ನಂಥವು ಜನೌಷಧಿ ಪಟ್ಟಿಯಲ್ಲಿ ಇವೆ. ಅಂಗಡಿಯಲ್ಲಿ ದಾಸ್ತಾನು ಇಲ್ಲದಿದ್ದರೆ ತರಿಸಿಕೊಡಲು ಹೇಳಿ. 2025ರ ಸೆಪ್ಟೆಂಬರ್ 22ರಿಂದ ಔಷಧಗಳ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ, 33 ಜೀವರಕ್ಷಕ ಔಷಧಗಳಿಗೆ ಪೂರ್ತಿ ಇಲ್ಲ. ಬಿಲ್ ಕೊಡದ ಅಂಗಡಿಯಲ್ಲಿ ಕ್ಯಾನ್ಸರ್ ಗುಳಿಗೆ ಕೊಳ್ಳಲೇಬೇಡಿ, ಅಗ್ಗವಾದರೂ ಬೇಡ.

ಮನೆಯಲ್ಲಿ ಇಡುವಾಗ ಸ್ವಲ್ಪ ಎಚ್ಚರ. ಅತ್ತೆಯವರ ಬಿಪಿ ಗುಳಿಗೆಯ ಡಬ್ಬಿಯಲ್ಲಿ ಇವನ್ನು ಬೆರೆಸಬೇಡಿ. ನುಂಗಲು ಆಗಲ್ಲ ಅಂತ ಖಲಬತ್ತಿನಲ್ಲಿ ಕುಟ್ಟಿ ಪುಡಿ ಮಾಡಿ ಕೊಡುವ ರೂಢಿ ನಮ್ಮಲ್ಲಿದೆ, ಕ್ಯಾನ್ಸರ್ ಗುಳಿಗೆಗೆ ಡಾಕ್ಟರನ್ನು ಕೇಳದೆ ಅದನ್ನು ಮಾಡಲೇಬಾರದು. ಮನೆಯಲ್ಲಿ ಬಸುರಿ ಇದ್ದರೆ ಅವಳು ಮುಟ್ಟುವುದು ಬೇಡ. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗುವುದೂ ಬೇಡ.

ಇನ್ನು ಆಸ್ಪತ್ರೆಯ ವಿಷಯ. ಕ್ಯಾನ್ಸರ್‌ನಂಥ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯಬೇಕಾದರೆ ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನಮ್ಮವರು ಗದಗ ಜಿಲ್ಲಾ ಆಸ್ಪತ್ರೆಯಲ್ಲಿ ಅದನ್ನು ಮಾಡಿಸಿಕೊಂಡೇ ಹೊರಡುವುದು ಒಳ್ಳೆಯದು, ಅರ್ಧ ದಾರಿಯಿಂದ ವಾಪಸ್ ಬಂದವರನ್ನು ನೋಡಿದ್ದೇನೆ. ಅಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕುಳಿತಿರುತ್ತಾರೆ, ಅವರ ಕೆಲಸವೇ ನಿಮ್ಮ ಪ್ರಶ್ನೆಗೆ ಉತ್ತರ ಹೇಳೋದು. ಕೊನೆಯ ಕಿಮೋ ಮುಗಿದ ದಿನ, ಡಿಸ್ಚಾರ್ಜ್ ಕಾಗದ ಕೈಗೆ ಬರುವ ಮೊದಲೇ ಅವರ ಟೇಬಲ್ಲಿಗೆ ಹೋಗಿ. ಡಾಕ್ಟರು ಬರೆದ ಗುಳಿಗೆಯ ಚೀಟಿ ಮುಂದಿಟ್ಟು ಕೇಳಿ: "ಸರ್, ಈ ಗುಳಗಿಗೆ ಪ್ಯಾಕೇಜ್ ಐತೇನ್ರಿ? ಇದ್ರ ಕೋಡ್ ಹಾಕಿ ಬುಕ್ ಮಾಡ್ರಿ, ಮೂರು ತಿಂಗಳದ್ದು ಕೊಡ್ರಿ. ಇಲ್ಲಾ ಅಂದ್ರ ಇಲ್ಲಾ ಅಂತ ಬರದು ಸಹಿ ಮಾಡಿ ಕೊಡ್ರಿ." ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ನಿಂತು 14555ಕ್ಕೆ ಫೋನ್ ಮಾಡಿ, ಅದು ಆಯುಷ್ಮಾನ್ ಸಹಾಯವಾಣಿ. ಬರೆದುಕೊಟ್ಟರೆ ಆ ಕಾಗದದ ಜೆರಾಕ್ಸ್ ತೆಗೆಸಿ ಒಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗೆ, ಒಂದು ನಿಮ್ಮ ಕ್ಷೇತ್ರದ ಶಾಸಕರಿಗೆ ಕಳಿಸಿ. ಬೆಟಗೇರಿಯ ನಮ್ಮ ಕಾಕುದು ಮುಂದಿನ ಸೋಮವಾರ ಹೋಗಲಿದೆ, ಚೀಟಿ ಹೊಸದಾಗಿ ಬರೆಸಿಯಾಗಿದೆ.